ಬಂಗಾರವಾದ ಮಗನ ಕತೆ

ಅವರೆಕಾಯಿ ಕಾಲ ಬಂತೆಂದರೆ ಬಿಂಡಿಗನವಿಲೆಯ ಬೆಟ್ಟಮ್ಮನ ಜಗಲಿ ಸಂಜೆಹೊತ್ತು ಖಾಲಿ ಇರುವುದಿಲ್ಲ. ನೆನೆಸಿದ ಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಸುತ್ತ ಕೂತು ಹಿದುಕುತ್ತಾರೆ. ಕೈ ಕಾಳಿನ ಮೇಲೆ, ಬಾಯಿ ಊರಿನ ಮೇಲೆ. ಊರಿನ ಸುದ್ದಿ ಮುಗಿದ ಮೇಲೆ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ, "ಅಕ್ಕ, ನಿನ್ ಮಗನ ಕತೆ ಏಳು" ಎಂದು ಕೇಳದ ವರ್ಷವೇ ಇಲ್ಲ.

ಬೆಟ್ಟಮ್ಮನಿಗೂ ಅದೇ ಬೇಕು. "ಇವ್ನಾ? ತೊಟ್ಲಲ್ಲೇ ಎದ್ದು ನಿಂತ್ಕಂಡೋನು. ಕುರಿ ಕಾಯಕ್ಕೆ ಕಳಿಸಿದ್ರೆ ಕುರಿ ಮನೆಗೆ ಬತ್ತಿದ್ವು, ಇವ್ನು ಬತ್ತಿರ್ಲಿಲ್ಲ. ಒಂದಿನ ನಾಗಮಂಗಲದ ಬಸ್ಸಿನ ಮ್ಯಾಲೆ ಅತ್ತಿ ಕುಂತವ್ನೆ, ಕಂಡಕ್ಟ್ರು ನೋಡಿದ್ದು ಸ್ಟ್ಯಾಂಡಿಗೆ ಓದ್ಮೇಲೇಯ!" ಜಗಲಿಯೆಲ್ಲ ನಗು. ಆಮೇಲೆ ಅವಳು ದನಿ ತಗ್ಗಿಸುತ್ತಾಳೆ. "ಕೊನೆಗೆ ನಮ್ಮ ದೊಡ್ಡ ಬಾವ ಬಂದು ಅರಿಶಿನದ ಕೊಂಬು ದೀಪದಲ್ಲಿ ಸುಟ್ಟು ಎರಡು ಕಾಲಿಗೂ ಬರೆ ಎಳೆದ್ರು ನೋಡವ್ವ, ಅವತ್ತಿಂದ ನನ್ ಮಗ ಬಂಗಾರ ಆಗೋದ!"

ಬಂಗಾರವಾದ ಮಗ ರವೀಂದ್ರ ಅಲ್ಲೇ ಗೋಡೆಗೆ ಒರಗಿ ಎಲ್ಲರ ಜೊತೆ ನಗುತ್ತಿದ್ದ. ಕತೆ ಆ ಘಟ್ಟಕ್ಕೆ ಬಂದಾಗ ಅವನ ಪಾದಗಳು ತಾವಾಗಿ ಪಂಚೆಯೊಳಗೆ ಸೇರಿಕೊಳ್ಳುತ್ತಿದ್ದವು. ಅದನ್ನು ಗಮನಿಸುತ್ತಿದ್ದವಳು ಹೆಂಡತಿ ಪ್ರಮೀಳಾ ಒಬ್ಬಳೇ.

ಅವನು ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಕೈ ಚುರುಕು, ಆದರೆ ಒಂದು ಮನೆಯ ಕೆಲಸ ಮುಗಿಯುವ ಮುನ್ನ ಮನಸ್ಸು ಇನ್ನೊಂದು ಮನೆಗೆ ಹೋಗಿರುತ್ತಿತ್ತು. "ರವಿ ವೈರಿಂಗ್ ಅಂದ್ರೆ ಸ್ವಿಚ್ಚು ಈ ದೀಪಾವಳಿಗೆ, ಬಲ್ಬು ಮುಂದಿನ ದೀಪಾವಳಿಗೆ" ಎಂದು ದೇವಲಾಪುರದವರೆಗೂ ಜನ ಹಾಸ್ಯ ಮಾಡುತ್ತಿದ್ದರು. ಅವನು ಅದಕ್ಕೂ ನಗುತ್ತಿದ್ದ. ನಕ್ಕುಬಿಟ್ಟರೆ ಮಾತು ಮುಂದುವರಿಯುವುದಿಲ್ಲ ಎಂಬುದು ಅವನು ಬಹಳ ಹಿಂದೆಯೇ ಕಲಿತ ಪಾಠ.

ಮಗಳು ಸ್ನೇಹ ಮಾತ್ರ ಅಪ್ಪನ ಹಳೆಯ ಅಚ್ಚು. ಊಟಕ್ಕೆ ಕೂತರೆ ತುತ್ತಿಗೊಮ್ಮೆ ಏಳುವಳು. ಪಾಠದ ನಡುವೆ ಕಿಟಕಿಯ ಹೊರಗಿನ ಓತಿಕ್ಯಾತನ ಹಿಂದೆ ಹೋಗುವಳು. ಚಪ್ಪಲಿ, ಪೆನ್ಸಿಲ್ಲು, ಟಿಫನ್ ಡಬ್ಬಿ ಎಲ್ಲಿ ಬಿಟ್ಟಳೋ ಅವಳಿಗೇ ತಿಳಿಯದು. ಹುಣಸೆಮರದ ತುದಿಯಿಂದ ಅವಳು "ಅಪ್ಪಾ, ಇಲ್ನೋಡು!" ಎಂದು ಕೂಗಿದಾಗೆಲ್ಲ ರವೀಂದ್ರನ ಎದೆ ತುಂಬಿ ಬರುತ್ತಿತ್ತು. ಅದೇ ಮರ. ಅದೇ ಕೊಂಬೆಯಿಂದ ಅವನೂ "ಅವ್ವಾ, ಇಲ್ನೋಡು!" ಎಂದು ಕೂಗುತ್ತಿದ್ದ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಅವ್ವ ಹಣೆಗೆ ಕೈ ಅಡ್ಡವಿಟ್ಟು ನೋಡಿ, "ನೋಡ್ದೆ ಕಣ್ಲಾ ಮಗ, ಇಳ್ಕೋ ಇನ್ನ" ಎನ್ನುತ್ತಿದ್ದಳು. ಗದರಿಕೆಯ ಮಾತು, ಆದರೆ ದನಿಯಲ್ಲಿ ನಗು ಇರುತ್ತಿತ್ತು. ಹುಚ್ಚೆಳ್ಳು ಹೂ ಬಿಟ್ಟು ಹೊಲದ ಅಂಚೆಲ್ಲ ಹಳದಿಯಾಗಿರುತ್ತಿದ್ದ ಆ ದಿನಗಳನ್ನು ನೆನೆದರೆ ಅವನಿಗೆ ಈಗಲೂ ಹೊಟ್ಟೆಯೊಳಗೆ ಏನೋ ಹಿತವಾಗುತ್ತಿತ್ತು.

ಒಂದು ಗುರುವಾರ ಸ್ನೇಹ ಶಾಲೆಯಿಂದ ಬರುವಾಗ ರಸ್ತೆಯಾಚೆ ಕುರಿಮರಿ ಕಂಡು ಅತ್ತ ಇತ್ತ ನೋಡದೆ ಓಡಿದಳು. ಬಸ್ಸು ಕೀರೆಂದು ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಅದನ್ನು ಕಂಡ ಬೆಟ್ಟಮ್ಮ ಓಡಿಬಂದು ಅವಳನ್ನು ಎತ್ತಿಕೊಂಡಳು. ಆ ಸಂಜೆ ಮೊಮ್ಮಗಳನ್ನು ಬಿಡದೆ ತಬ್ಬಿಕೊಂಡು ಕೂತಿದ್ದವಳು ಮಗನಿಗೆ ಹೇಳಿದಳು: "ಇದು ಗಾಳಿ ಸೋಕೇ ಕಣ್ಲಾ. ಮಂಗಳ್ವಾರ ಅಮಾಸೆ. ದೊಡ್ಡ ಬಾವಂಗೆ ಬರಕ್ಕೆ ಏಳ್ತೀನಿ. ಕೂಸು ಉಳ್ಕಂಡ್ರೆ ಸಾಕು ನಂಗೆ."

ಪ್ರೀತಿಯಿಂದಲೇ ಆಡಿದ ಮಾತು ಅದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಬರೆ ಬೀಳುವುದು ಹಗೆಗಳ ಕೈಯಿಂದಲ್ಲ.

ರವೀಂದ್ರ "ಹೂಂ" ಅಂದುಬಿಟ್ಟ. ಒಳಗೆ ಮುದ್ದೆ ತೊಳಸುತ್ತಿದ್ದ ಪ್ರಮೀಳಾ ಕೋಲು ಬಿಟ್ಟು ಹೊರಗೆ ಬಂದಳು. "ಏನು ಊಂ? ನಿಮ್ ಮಗಳ ಕಾಲು ಸುಡ್ತಾರೆ ಅಂದ್ರೆ ಊಂ ಅಂತೀರಲ್ಲ! ಸುನಿತಾ ಮಿಸ್ಸು ಆವತ್ತಿಂದ ಬಡ್ಕೊತಾವ್ರೆ, ಇದಕ್ಕೆ ಡಾಕ್ಟ್ರವ್ರೆ ಅಂತ. ಈ ಭಾನುವಾರ ಪಾಂಡವಪುರಕ್ಕೆ ಓಗಣ. ಅಲ್ಲಿಗೆ ಬಂದು ನೋಡಿ, ಆಮ್ಯಾಕೆ ಊಂ ಅನ್ನಿ."

ಸ್ನೇಹಳ ಟೀಚರ್ ಸುನಿತಾಳ ಮಗನೂ ಇಂಥವನೇ. ಅವಳು ಅವನನ್ನು ಮಂಡ್ಯದ ದೊಡ್ಡಾಸ್ಪತ್ರೆಗೆ ತೋರಿಸುತ್ತಿದ್ದಳು. ಇಂಥ ಮಕ್ಕಳ ತಂದೆತಾಯಿ ತಿಂಗಳಿಗೊಮ್ಮೆ ಪಾಂಡವಪುರದ ಒಂದು ಶಾಲೆಯಲ್ಲಿ ಸೇರಿ ಕಷ್ಟಸುಖ ಮಾತಾಡುತ್ತಿದ್ದರು.

ಭಾನುವಾರ ಹೋದರು. ಕಿಟಕಿಯಿಂದ ಕುಂತಿಬೆಟ್ಟ ಕಾಣುವ ಕೊಠಡಿ. ಮಕ್ಕಳೆಲ್ಲ ಬಯಲಲ್ಲಿ ಓಡುತ್ತಿದ್ದರು. ಯಾರೂ ಯಾರಿಗೂ "ಸುಮ್ಕಿರು" ಎನ್ನುತ್ತಿರಲಿಲ್ಲ. ಒಳಗೆ ಕೆ.ಆರ್. ಪೇಟೆಯ ಕಡೆಯ ತಾಯಿಯೊಬ್ಬಳು ಹೇಳುತ್ತಿದ್ದಳು: "ನಾನೂ ಯಂತ್ರ ಕಟ್ಸ್ದೆ, ಬರೆ ಆಕ್ಸ್ದೆ. ಕೊನೆಗೆ ಮಗ ನನ್ ಕಂಡ್ರೆ ಅಟ್ಟ ಅತ್ತಿ ಕುಂತ್ಕಳೋನು."

ಮಂಡ್ಯದಿಂದ ಬಂದಿದ್ದ ಡಾಕ್ಟರಮ್ಮ ಸರಳವಾಗಿ ಮಾತಾಡಿದರು. "ಇದಕ್ಕೆ ಎ.ಡಿ.ಎಚ್.ಡಿ. ಅಂತಾರೆ. ಗಾಳಿಯಲ್ಲ, ಪೊಗರಲ್ಲ, ಹೆತ್ತವರ ತಪ್ಪೂ ಅಲ್ಲ. ಮಿದುಳು ಗಮನವನ್ನು ಹಿಡಿದಿಡುವ ರೀತಿಯೇ ಬೇರೆ. ಆದರೆ ಓಡಾಡುವ ಮಕ್ಕಳಿಗೆಲ್ಲ ಇದೇ ಅಂತಲೂ ಅಲ್ಲ, ಕೂತು ಪರೀಕ್ಷೆ ಮಾಡಬೇಕು. ತರಬೇತಿ ಇದೆ, ಬೇಕಾದವರಿಗೆ ಮಾತ್ರೆಯೂ ಇದೆ." ಆಮೇಲೆ ಕೇಳಿದರು: "ಇದು ಮನೆತನದಲ್ಲಿ ಬರೋದುಂಟು. ನಿಮ್ಮಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಹೀಗಿದ್ದಿರಾ?"

ರವೀಂದ್ರ ಎದ್ದು ನಿಂತ. ಅವನಿಗೆ ಗೊತ್ತಿದ್ದದ್ದು ಅವ್ವ ಹೇಳುವ ಕತೆಯೊಂದೇ, ಅದನ್ನೇ ಹೇಳಿದ. ಕುರಿ ಮನೆಗೆ ಬಂದದ್ದಕ್ಕೆ ಎಲ್ಲರೂ ನಕ್ಕರು. ಬಸ್ಸಿನ ಮೇಲೆ ಕೂತದ್ದಕ್ಕೆ ಇನ್ನೂ ನಕ್ಕರು. ಅವನಿಗೂ ಹುರುಪು ಬಂತು. "ಕೊನೆಗೆ ನಮ್ ದೊಡ್ಡಪ್ಪ ಅರಿಶಿನದ ಕೊಂಬು ಸುಟ್ಟು ಎರಡು ಕಾಲಿಗೂ ಬರೆ ಎಳೆದ್ರು ನೋಡಿ, ಅವತ್ತಿಂದ ಬಂಗಾರ ಆಗೋದೆ!" ಎಂದು ನಗುತ್ತ ಸುತ್ತ ನೋಡಿದ.

ಯಾರೂ ನಗಲಿಲ್ಲ.

ಅವನ ಬಾಯಲ್ಲಿದ್ದ ನಗು ಹಾಗೇ ನಿಂತುಹೋಯಿತು. ಕೆ.ಆರ್. ಪೇಟೆಯ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಊರೆಲ್ಲ ನಕ್ಕ ಆ ಮಾತನ್ನು ಕೇಳಿ ಒಬ್ಬರು ಅತ್ತದ್ದನ್ನು ಅವನು ಕಂಡದ್ದು ಅದೇ ಮೊದಲು. ಕೂತವನು ತಲೆಯೆತ್ತಲಿಲ್ಲ. ಪ್ರಮೀಳಾ ಎಲ್ಲರ ಎದುರೇ ಅವನ ಕೈ ಹಿಡಿದುಕೊಂಡಳು.

ಮಂಗಳವಾರ ದೊಡ್ಡಪ್ಪ ಚಿಕ್ಕಮಾದಯ್ಯ ಬಂದ. ಕೋಲೂರಿಕೊಂಡು ನಡೆಯುವ ಮುದುಕ. ಬೆಟ್ಟಮ್ಮ ಹರಳೆಣ್ಣೆ ದೀಪ ಹಚ್ಚಿ, ಅರಿಶಿನದ ಕೊಂಬು ಇಟ್ಟು, "ಬಾ ಕೂಸೇ, ತೊಡೆ ಮ್ಯಾಲೆ ಕೂತ್ಕೋ" ಎಂದು ಸ್ನೇಹಳನ್ನು ಕರೆದಳು. ಮಗು ಏನೂ ತಿಳಿಯದೆ ಕುಣಿಯುತ್ತ ಹೊರಟಿತು. ರವೀಂದ್ರ ಅದನ್ನು ಎತ್ತಿ ಪ್ರಮೀಳಾಳ ಕೈಗೆ ಕೊಟ್ಟ. ಬಗ್ಗಿ, ದೀಪದ ಕುಡಿಯನ್ನು ಬೆರಳಿನಿಂದ ಹೊಸಕಿ ನಂದಿಸಿದ.

"ಏನ್ಲಾ ಇದು?" ದೊಡ್ಡಪ್ಪ ಗುಡುಗಿದ. "ನಮ್ಮಪ್ಪನ ಕಾಲ್ದಿಂದ ಆಕ್ಕೊಂಡ್ ಬಂದಿರೋದು. ಎಂಡ್ರ ಮಾತು ಕೇಳ್ಕಂಡು ಎಗರಾಡ್ತೀಯ?"

"ನಿಂಗೂ ಆಕ್ಸಿರ್ಲಿಲ್ವೇನ್ಲಾ?" ಬೆಟ್ಟಮ್ಮ ಕೇಳಿದಳು. "ನೀನು ಸರಿಹೋಗ್ಲಿಲ್ವ?"

"ಸರಿಹೋಗ್ಲಿಲ್ಲ ಕಣವ್ವ. ಎದ್ರಿಕಂಡು ಸುಮ್ಕಾದೆ." ರವೀಂದ್ರ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ತಲೆ ಒಳಗಿನ ಓಟ ಇವತ್ತಿಗೂ ನಿಂತಿಲ್ಲ. ಅದ್ಕೇ ನನ್ ಕೆಲ್ಸ ಒಂದೂ ಮುಗಿಯಾಕಿಲ್ಲ. ಮರ ಅತ್ತಿದ್ರೂ ಗುಡ್ಡ ಅತ್ತಿದ್ರೂ 'ಅವ್ವಾ, ಇಲ್ನೋಡು' ಅಂತ ಕೂಗ್ತಿದ್ದೆ, ನೆಪ್ಪೈತಾ? ಬರೆ ಎಳ್ದಾಗ ನನ್ ಕಾಲು ಅಮುಕಿ ಇಡ್ಕಂಡಿದ್ದೋಳು ನೀನು. ಆಮ್ಯಾಕೆ ಒಂದಿನನಾದ್ರೂ ಅಂಗೆ ಕೂಗಿದ್ದೀನಾ? ನೀನೇ ಏಳು."

ಬೆಟ್ಟಮ್ಮ ಹಬ್ಬ, ಸುಗ್ಗಿ, ಮದುವೆ ಎಲ್ಲವನ್ನೂ ಮನಸ್ಸಿನಲ್ಲೇ ತಡಕಾಡಿದಳು. ಒಂದು ಕೂಗೂ ಸಿಗಲಿಲ್ಲ. ಚಿಕ್ಕಮಾದಯ್ಯ ಕಾಫಿಯನ್ನೂ ಕುಡಿಯದೆ ಕೋಲು ಕುಟ್ಟುತ್ತ ಹೊರಟುಹೋದ. ಬೆಟ್ಟಮ್ಮ ಅರಿಶಿನದ ಕೊಂಬನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಮಂಡ್ಯದ ಓಡಾಟ ಶುರುವಾಯಿತು. ಪವಾಡವೇನೂ ಆಗಲಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಮಾಡಿದ ಕೂಡಲೇ ಬೆನ್ನು ತಟ್ಟಬೇಕು, ರಸ್ತೆಯ ಅಂಚಿಗೆ ಬಂದರೆ ನಿಂತು ಹತ್ತೆಣಿಸುವ ಆಟ ಆಡಿಸಬೇಕು ಎಂದು ಕಲಿತರು. ಡಾಕ್ಟರಮ್ಮನನ್ನು ರವೀಂದ್ರ ತನಗಾಗಿಯೂ ಕಂಡ. ಮನೆಯವರೆಲ್ಲ ಅಚ್ಚರಿಪಟ್ಟದ್ದು ಬೆಟ್ಟಮ್ಮನನ್ನು ನೋಡಿ. ಒಂದು ಭಾನುವಾರ ಅವಳು ಯಾರೂ ಕರೆಯದೆಯೇ ಸೀರೆ ಉಟ್ಟು ಪಾಂಡವಪುರಕ್ಕೆ ಹೊರಟು ನಿಂತಿದ್ದಳು. ಅಲ್ಲಿ ಬರೀ ಕೇಳಿಸಿಕೊಂಡು ಬಂದಳು.

ಮತ್ತೆ ಅವರೆಕಾಯಿ ಕಾಲ ಬಂತು. ಜಗಲಿ ತುಂಬಿತು. ಪುಟ್ಟಲಕ್ಷ್ಮಮ್ಮ ತನ್ನ ಮೊಮ್ಮಗ ದಿಲೀಪನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. "ಇವ್ನೂ ನಿಂತಲ್ಲಿ ನಿಲ್ಲಾಕಿಲ್ಲ ಕಣಕ್ಕ. ನಿಮ್ ದೊಡ್ಡ ಬಾವಂಗೆ ಏಳ್ಕಳ್ಸಣ ಅಂತಿದೀನಿ. ನಿನ್ ಮಗನ ಕತೆ ಏಳು, ಇವ್ರವ್ವನೂ ಕೇಳ್ಕಳ್ಳಿ. ಬ್ಯಾಡ ಬ್ಯಾಡ ಅಂತಾವ್ಳೆ."

ಬೆಟ್ಟಮ್ಮ ಕತೆ ಶುರುಮಾಡಿದಳು. ತೊಟ್ಟಿಲು, ಕುರಿ, ಬಸ್ಸು ಎಲ್ಲ ಬಂದವು. ಜಗಲಿ ನಕ್ಕಿತು. ರವೀಂದ್ರನ ಪಾದಗಳು ಪಂಚೆಯೊಳಗೆ ಸರಿದವು. ಅಲ್ಲಿಗೆ ಅವಳ ಕೈ ಕಾಳಿನ ಮೇಲೆ ನಿಂತಿತು.

"ಆಮ್ಯಾಕೆ ಬರೆ ಎಳೆಸ್ದೆ. ನಾನೇ ಕಾಲು ಇಡ್ಕಂಡಿದ್ದೆ. ಬಂಗಾರ ಆಗೋದ ಅಂತ ಇಷ್ಟ್ ವರ್ಸ ಏಳ್ದೆ, ಅದು ಸುಳ್ಳು ಕಣವ್ವ. ನನ್ ಮಗ ನನ್ನ ಕೂಗೋದ್ನೇ ಬುಟ್ಟ. ಅದೂ ನಂಗೆ ಗೊತ್ತಾಗ್ಲಿಲ್ಲ." ಅವಳು ದಿಲೀಪನ ರಟ್ಟೆಯನ್ನು ಪುಟ್ಟಲಕ್ಷ್ಮಮ್ಮನ ಕೈಯಿಂದ ಬಿಡಿಸಿದಳು. "ಈ ಕೂಸಿನ ಕಾಲು ಮುಟ್ಟಬ್ಯಾಡ. ಭಾನುವಾರ ನನ್ ಜೊತೆ ಬಸ್ಸತ್ತು, ಪಾಂಡವಪುರಕ್ಕೆ ಓಗಣ."

ಅಷ್ಟರಲ್ಲಿ ಹುಣಸೆಮರದಿಂದ ಸ್ನೇಹ ಕೂಗಿದಳು: "ಅಜ್ಜೀ, ಇಲ್ನೋಡು!"

ಬೆಟ್ಟಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. ಅಂಗಳಕ್ಕಿಳಿದು ಹಣೆಗೆ ಕೈ ಅಡ್ಡವಿಟ್ಟು ಮೇಲೆ ನೋಡಿದಳು. "ನೋಡ್ದೆ ಕಣವ್ವ" ಎಂದಳು. ಆಮೇಲೆ ಜಗಲಿಯ ಕಡೆ ತಿರುಗಿ, "ನೀನೂ ಬಾರ್ಲಾ ರವಿ, ನೋಡು" ಎಂದು ಮಗನನ್ನು ಕರೆದಳು. ರವೀಂದ್ರ ಪಂಚೆ ಎತ್ತಿ ಕಟ್ಟಿಕೊಂಡು ಅವಳ ಪಕ್ಕ ಬಂದು ನಿಂತ.