ಉಮಾನಾಥಣ್ಣ ಓದಿ ಮುಗಿಸಿದ ಪುಸ್ತಕ

ಪುಸ್ತಕ ಓದುವವರಿಗೆಲ್ಲ ಬುದ್ಧಿ ಇರುತ್ತದೆ ಎಂದು ನಾನು ನಂಬಿದ್ದೆ. ಉಮಾನಾಥಣ್ಣ ನಮ್ಮ ಮನೆಗೆ ಬಂದು ಹೋದ ದಿನ ಆ ನಂಬಿಕೆ ಹೋಯಿತು.

ನಮ್ಮೂರು ನಾವುಂದದಲ್ಲಿ ನಾವು ಕೆಲವರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಈಗ ಯಾವ ಪುಸ್ತಕ ಓದುತ್ತಿದ್ದೇವೆ ಎಂದು ಒಬ್ಬೊಬ್ಬರಾಗಿ ಹೇಳುವುದು, ಅಷ್ಟೇ. ನಡೆಸುವವರು ನಿವೃತ್ತ ಟೀಚರ್ ಪ್ರಭಾವತಿಯಮ್ಮ. ಮುಂಬೈಯ ಹೋಟೆಲನ್ನು ಮಗನಿಗೆ ಬಿಟ್ಟು ಊರಿಗೆ ಬಂದಿರುವ ಉಮಾನಾಥ ಶೆಟ್ಟರೂ ಬರುತ್ತಾರೆ. ಯಾರು ಯಾವ ಪುಸ್ತಕದ ಹೆಸರು ಹೇಳಿದರೂ ಅದನ್ನು ತಾವು ಯಾವತ್ತೋ ಓದಿ ಆಗಿದೆ ಎನ್ನುವುದು ಅವರ ಅಭ್ಯಾಸ.

ಹೋದ ತಿಂಗಳು ನನ್ನ ಸರದಿಯಲ್ಲಿ ಒಂದು ಕಾದಂಬರಿಯ ವಿಷಯ ಹೇಳಿದೆ. ಅಣ್ಣನ ಜೊತೆ ಜಗಳ ಮಾಡಿ ತಮ್ಮ ರತ್ನಾಗಿರಿಗೆ ಹೋಗಿಬಿಡುತ್ತಾನೆ, ಅಣ್ಣ ಕಾಯುತ್ತಾ ಇರುತ್ತಾನೆ. ಇದನ್ನು ದಿನವೂ ಸಂಜೆ ಗಂಡನಿಗೆ ಓದಿ ಹೇಳುತ್ತಿದ್ದೇನೆ ಎಂದೆ. ನಮ್ಮ ಮನೆಯವರು, ಚಂದಯ್ಯ, ಬೋಟು ನಡೆಸುತ್ತಿದ್ದವರು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಕಣ್ಣು ಹೋದ ಮೇಲೆ ಗೋಡೆಗೆ ಮುಖ ಹಾಕಿ ಮಲಗಿಬಿಟ್ಟಿದ್ದರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಂಥವರನ್ನು ಈ ಕಥೆ ಎಬ್ಬಿಸಿ ಕೂರಿಸಿತ್ತು. ಬೆಳಿಗ್ಗೆ ಚಾ ಕುಡಿಯುವಾಗಲೇ ತಮ್ಮ ಬರುತ್ತಾನೋ ಇಲ್ಲವೋ ಎಂಬ ಮಾತು. ಬಾರ ಎಂದು ನಾನು, ಬಂದೇ ಬತ್ತ ಎಂದು ಅವರು. ಕಣ್ಣು ಹೋದ ಮೇಲೆ ಅವರು ನನ್ನ ಹತ್ತಿರ ಜಗಳ ಮಾಡಿದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಗಿತ್ತು ಎಂದು ಹೇಳಲಾರೆ.

ಇದನ್ನೆಲ್ಲ ಕೇಳಿದ ಉಮಾನಾಥಣ್ಣ ಮರುದಿನವೇ ಚಂದಯ್ಯನವರನ್ನು ನೋಡಿ ಹೋಗಲು ಬಂದರು. ನಾನು ಚಾ ಮಾಡಿ ತರುವಷ್ಟರಲ್ಲಿ ಕೆಲಸ ಮುಗಿಸಿದ್ದರು.

"ಆ ತಮ್ಮ ಬತ್ತಿಲ್ಲ ಮಾರಾಯ್ರೆ. ರತ್ನಾಗಿರಿಯಲ್ಲೇ ಸಾಯ್ತ" ಎನ್ನುತ್ತಿದ್ದರು.

ಅದನ್ನು ಹೇಳಿ ಚಾ ಕುಡಿದು, ಬಿಸ್ಕೆಟ್ ತಿಂದು, ಖುಷಿಯಲ್ಲೇ ಹೋದರು. ಆ ಸಂಜೆ ನಾನು ಪುಸ್ತಕ ತೆಗೆದಾಗ ಇವರು ಬೇಡ ಎಂದರು. ಇನ್ನೆಂತಕ್ಕೆ ಎಂದು ಕೇಳಿ ಗೋಡೆಯ ಕಡೆ ತಿರುಗಿಕೊಂಡರು. ಆ ತಿಂಗಳಿಡೀ ನಾನು ಎಷ್ಟು ಗೋಗರೆದರೂ ಅಷ್ಟೇ. ಕಳ್ಳ ಬಂದು ಪಾತ್ರೆ ಹೊತ್ತುಕೊಂಡು ಹೋಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಇದನ್ನು ಯಾರಿಗೆ ಹೇಳುವುದು?

ಮತ್ತೆ ಸೇರುವ ಭಾನುವಾರ ಬಂತು. ಈಗ ಎಂತ ಓದುತ್ತಿದ್ದೀರಿ ಎಂದು ಪ್ರಭಾವತಿಯಮ್ಮ ಕೇಳಿದರು.

"ಎಂತದೂ ಇಲ್ಲ. ನಮ್ದನ್ನ ಉಮಾನಾಥಣ್ಣ ಓದಿ ಮುಗ್ಸಿದ್ರ್" ಎಂದೆ.

ನಡೆದದ್ದನ್ನು ಎಲ್ಲರ ಎದುರೂ ಹೇಳಿದೆ. ಉಮಾನಾಥಣ್ಣನಿಗೆ ತಾನು ಮಾಡಿದ ತಪ್ಪೇನೆಂದೇ ತಿಳಿಯಲಿಲ್ಲ. ಯಕ್ಷಗಾನದ ಆಟದಲ್ಲಿ ಚೆಂಡೆ ಶುರುವಾಗುವ ಮೊದಲೇ ಪಕ್ಕದಲ್ಲಿ ಕೂತವರಿಗೆ ಪ್ರಸಂಗದ ಕಥೆಯನ್ನು ಪೂರ್ತಿ ಹೇಳಿ ಮುಗಿಸುವ ಮನುಷ್ಯ ಅವರು. ಯಾರು ಸಾಯುತ್ತಾರೆಂದು ಗೊತ್ತಿದ್ದೂ ಜನ ಬೆಳಗಿನ ತನಕ ಕೂರುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ನನ್ನ ಮೈ ಉರಿದುಹೋಯಿತು.

"ಆಟದ್ ಕಥಿ ಎಲ್ಲರಿಗೂ ಗೊತ್ತಿತ್ತ್. ಇದ್ ನಮ್ಮನಿಯವ್ರಿಗೆ ಗೊತ್ತಿರ್ಲಿಲ್ಲ. ನಾಳೆ ಎಂತಾತ್ತ್ ಅಂತ ಕೇಳುಕೇ ಅವ್ರ್ ಬೆಳಿಗ್ಗೆ ಏಳ್ತಿದ್ರ್. ಈಗ ಏಳುದಿಲ್ಲ" ಎಂದೆ.

ಆ ದಿನ ತಮ್ಮ ಸರದಿ ಬಂದಾಗ ಉಮಾನಾಥಣ್ಣ ಮುಂದಿನವರ ಕಡೆ ಕೈ ತೋರಿಸಿದರು.

ಎರಡು ದಿನ ಬಿಟ್ಟು ನಮ್ಮ ಜಗಲಿಯ ಮೆಟ್ಟಿಲ ಹತ್ತಿರ ಬಂದು ನಿಂತರು. ಕೈಯಲ್ಲಿ ಕುಂದಾಪುರದಿಂದ ತಂದ ಹೊಸ ಕಾದಂಬರಿ. ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ನಾನು ಬನ್ನಿ ಎನ್ನಲಿಲ್ಲ. ಅವರೇ ಒಳಗಿನ ಮಂಚದ ಕಡೆ ನೋಡಿ, ಚಂದಯ್ಯನವರಿಗೆ ಒಂದು ಪುಸ್ತಕ ತಂದಿದ್ದೇನೆ ಎಂದರು.

ಇವರು ಗೋಡೆಯ ಕಡೆಯಿಂದಲೇ ಕೇಳಿದರು: "ಅದ್ನ ನೀವ್ ಓದಿದ್ರ್ಯಾ?"

ಉಮಾನಾಥಣ್ಣ ನನ್ನ ಮುಖ ನೋಡಿದರು. ಓದದ ಪುಸ್ತಕ ಒಂದಿದೆ ಎಂದು ಆ ಬಾಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

"ಇಲ್ಲ" ಎಂದರು.

"ಹಾಂಗಾರೆ ಕೂತ್ಕಣಿ" ಎಂದು ಇವರು ಮಗ್ಗುಲು ತಿರುಗಿ ಎದ್ದು ಕೂತರು.

ಹೊದಿಕೆ ಹರಿದು ನಾನು ಮೊದಲು ಮಾಡಿದ ಕೆಲಸವೆಂದರೆ ಬಟ್ಟೆ ಒಣಗಿಸುವ ಕ್ಲಿಪ್ಪು ತಂದು ಕೊನೆಯ ಹಾಳೆಗಳನ್ನು ಬಿಗಿದದ್ದು. ನನ್ನ ಸಿಟ್ಟು ಇಳಿದಿರಲಿಲ್ಲ, ಇಳಿಯಲಿ ಎಂದು ನನಗೆ ಅನಿಸಿಯೂ ಇರಲಿಲ್ಲ. ಆದರೂ ಓದಿದೆ. ಒಬ್ಬ ಹುಡುಗಿ ಮದುವೆಯ ಹಿಂದಿನ ದಿನ ಮನೆ ಬಿಟ್ಟು ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅಧ್ಯಾಯ ಅಲ್ಲಿಗೆ ನಿಂತಿತು. ಉಮಾನಾಥಣ್ಣ ಕುರ್ಚಿಯ ತುದಿಗೆ ಬಂದಿದ್ದರು.

"ಯಾರ್ ಕರ್ದದ್ ವನಜಕ್ಕ?"

ನಾನು ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡೆ.

"ನಾಳೆ ಬನಿ" ಎಂದೆ.