ಪೈಲ್ವಾನನ ಕೈಗೆ ಸಿಕ್ಕ ಬೋಲ್ಟು

ಸಡಿಲವಾದದ್ದು ಏನನ್ನು ಕಂಡರೂ ಬಸವಂತರಾಯನಿಗೆ ಆಗುತ್ತಿರಲಿಲ್ಲ. ಗುಲ್ಬರ್ಗಾ ಕಡೆಯ ಗರಡಿಯಲ್ಲಿ ಬೆಳೆದ ಮೈ. ಹಿಡಿದರೆ ಉಡದ ಪಟ್ಟು. ಅವನು ಮುಚ್ಚಿದ ಉಪ್ಪಿನಕಾಯಿ ಡಬ್ಬಿ ತೆಗೆಯಲು ಮತ್ತೆ ಅವನೇ ಬರಬೇಕು. ಧಾರಾವಿಯ ಚಾಳಿನವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರೆ ಪುಣ್ಯಾತ್ಮನಿಗೆ ಹೆಮ್ಮೆ ಬೇರೆ. ಇರಲಿ ಬಿಡಿ, ಡಬ್ಬಿ ಅವನ ಮನೆಯದು. ಆದರೆ ಅವನು ಓಡಿಸುತ್ತಿದ್ದ ಟ್ಯಾಕ್ಸಿ ಸಾಯಬಣ್ಣನದು.

ಟ್ಯಾಕ್ಸಿಯ ಆಯಿಲ್ ಬದಲಿಸುವುದು ಡ್ರೈವರನದೇ ಕೆಲಸ. ಇಂಜಿನ್ನಿನ ಅಡಿಗೆ ಆಯಿಲ್ ನಿಲ್ಲುವ ಚೇಂಬರ್ ಇರುತ್ತದೆ. ಅದರ ತಳದ ಬೋಲ್ಟು ಬಿಚ್ಚಿ ಹಳೆಯದನ್ನು ಇಳಿಸಿ, ಬೋಲ್ಟು ಹಾಕಿ, ಮೇಲಿನಿಂದ ಹೊಸದು ಸುರಿದರೆ ಮುಗಿಯಿತು. ಇದರಲ್ಲಿ ಕೆಡಿಸುವುದಕ್ಕೇನಿದೆ ಅನ್ನಬೇಡಿ. ನಮ್ಮ ಪೈಲ್ವಾನ ಬೋಲ್ಟು ತಿರುಗಿಸುವ ಉದ್ದನೆಯ ಪಾನಾ ಹಾಕಿ, ಕಾಲು ಊರಿ, ಉಸಿರು ಕಟ್ಟಿ ಎಳೆದ. ಬೋಲ್ಟು ಕಚ್ಚಿಕೊಳ್ಳುವ ಚೇಂಬರಿನ ಥ್ರೆಡ್ಡೇ ಕಿತ್ತು ಬಂತು. ಹೊಸ ಚೇಂಬರ್ ಹಾಕಿಸಿದರು, ಅದನ್ನೂ ಹಾಗೇ ಕೆಡಿಸಿದ. ಸಾಯಬಣ್ಣನಿಗೆ ಪಿತ್ತ ನೆತ್ತಿಗೇರಿತು. ಮುಂದಿನ ಸಲ ತಾನೇ ಎದುರಿಗೆ ಕೂತಿರುತ್ತೇನೆ, ಮತ್ತೆ ಕೆಡಿಸಿದರೆ ಕೀಲಿ ಕೊಟ್ಟು ಮೊದಲಿನಂತೆ ಹಾಥ್‌ಗಾಡಿ ಎಳೆಯಲು ಹೋಗು ಎಂದು ಹೇಳಿ ಹೋದ.

ಹಾಥ್‌ಗಾಡಿಯ ಹೆಸರು ಕೇಳಿದ್ದೇ ಬಸವಂತರಾಯ ನೆಟ್ಟಗೆ ಮನೆಗೆ ಓಡಿದ. ಹೆಂಡತಿ ಕಸ್ತೂರಿಬಾಯಿಯ ಎದುರು ಗೋಳು ತೋಡಿಕೊಂಡ. ಸಡಿಲ ಬಿಟ್ಟರೆ ಆಯಿಲ್ ಸೋರಿ ಇಂಜಿನ್ ಹೋಗುತ್ತದೆ, ಬಿಗಿದರೆ ಚೇಂಬರ್ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳಿಗೆ ಇದೇನೂ ದೊಡ್ಡ ಸಂಗತಿ ಅನ್ನಿಸಲಿಲ್ಲ. ಸ್ಟೋವಿನ ತಿರುಪನ್ನು ದಿನಾ ಬಿಗಿಯುವ ಕೈ ಅವಳದು. ಕಚ್ಚುವ ತನಕ ತಿರುಗಿಸಬೇಕು, ಆಮೇಲೆ ಒಂದಿಷ್ಟು, ಅಷ್ಟೇ. ಮೀರಿದರೆ ವಾಶರ್ ಹೋಯಿತು.

“ನಾ ಬಾಜೂಕ ಕುಂದರ್ತೀನಿ,” ಎಂದಳು. “ಸಾಕಂದಾಗ ಬಿಟ್ಬಿಡ್ರಿ.”

ಮತ್ತೆ ಆಯಿಲ್ ಬದಲಿಸುವ ಭಾನುವಾರ ಬೆಳಿಗ್ಗೆ ಸಾಯಬಣ್ಣ ಬಂದು ಕೂತ, ಗಲ್ಲಿಯೆಲ್ಲ ನೆರೆಯಿತು. ಟ್ಯಾಕ್ಸಿಯ ಮುಂದಿನ ಗಾಲಿಗಳನ್ನು ಕಲ್ಲಿನ ಮೇಲೆ ಹತ್ತಿಸಿ ಬಸವಂತರಾಯ ಅಡಿಗೆ ತೂರಿದ. ಹಳೆಯ ಆಯಿಲ್ ಪೂರ್ತಿ ಇಳಿದ ಮೇಲೆ ಬೋಲ್ಟನ್ನು ಒರೆಸಿ, ಹೊಸ ತಾಮ್ರದ ವಾಶರ್ ಹಾಕಿ, ಬೆರಳಿನಲ್ಲೇ ಕೊನೆಯವರೆಗೂ ತಿರುಗಿಸಿದ. ಆಮೇಲೆ ಚಿಕ್ಕ ಪಾನಾ ಹಿಡಿದ. ಕಸ್ತೂರಿಬಾಯಿ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಅವನ ಮೊಳಕೈ ಮೇಲೆ ಅಂಗೈ ಇಟ್ಟಳು. ನೋಡುತ್ತಿದ್ದವರು ಕಿಸಕ್ಕೆಂದರು.

ಬೋಲ್ಟು ಕಚ್ಚಿತು. ಅವನು ಒಂದಿಷ್ಟು ಎಳೆದ.

“ಸಾಕ್ರಿ.”

ಅವನಿಗೆ ಇನ್ನೂ ಶುರುವೇ ಆಗಿರಲಿಲ್ಲ. ಗರಡಿಯಲ್ಲಿ ಎಲ್ಲರೂ ಇನ್ನೂ, ಇನ್ನೂ ಎಂದು ಕೂಗಿದವರೇ. ಸಾಕು ಎಂದವರು ಒಬ್ಬರೂ ಇಲ್ಲ. ಇಷ್ಟಕ್ಕೇ ಬಿಟ್ಟರೆ ಸೋರುತ್ತದೆ ಎಂದು ಗೊಣಗಿದ. ಸೋರಿದರೆ ತನ್ನ ತಪ್ಪೆಂದು ಹೇಳಿ ಎಂದಳು ಅವಳು. ಅವನು ಹಾಳಾಗಲಿ ಎಂದು ಪಾನಾ ಕೆಳಗಿಟ್ಟ.

ಹೊಸ ಆಯಿಲ್ ಸುರಿದು ಇಂಜಿನ್ ಚಾಲೂ ಮಾಡಿದರು. ಸಾಯಬಣ್ಣ ಅಡಿಗೆ ಪೇಪರ್ ಹಾಸಿ ಕಾದ. ಒಂದು ಹನಿಯೂ ಬೀಳಲಿಲ್ಲ. ಆದರೂ ನಂಬದೆ ತಾನೇ ಹತ್ತಿ ಕೂತು ದೂರದ ಮುಲುಂಡ್ ತನಕ ಓಡಿಸಿಕೊಂಡು ಬಂದ. ಬಗ್ಗಿ ಬೋಲ್ಟು ಮುಟ್ಟಿದರೆ ಬೆರಳಿಗೆ ಆಯಿಲ್ ಅಂಟಲಿಲ್ಲ.

ಕೀಲಿಯನ್ನು ಬಸವಂತರಾಯನ ಕೈಗೆ ಹಾಕಿ, ಅಂತೂ ಪೈಲ್ವಾನ ಕಲಿತ, ಮುಂದಿನ ಸಲ ತಾನು ಬರುವುದಿಲ್ಲ ಎಂದ. ಗಲ್ಲಿಯವರು ಭೇಷ್ ಎಂದರು. ಬಸವಂತರಾಯ ಸುಮ್ಮನೆ ಮೀಸೆ ತಿರುವಿ ಆ ಭೇಷನ್ನು ತನ್ನದೇ ಮಾಡಿಕೊಂಡಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ.

“ಕಲ್ತಿಲ್ರಿ ಮಾಲಕರ,” ಎಂದ ಅವನು. “ಇನ್ನೊಂದ್ ಸಲ ಎಳೀಬೇಕಂತ ಕೈ ಈಗೂ ತುಡೀಲಿಕತ್ತದ. ಆಕಿ ಬಾಜೂಕ ಇಲ್ದ ನಾ ಆ ಬೋಲ್ಟ್ ಮುಟ್ಟಂಗಿಲ್ಲ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸ್ತೂರಿಬಾಯಿ ಮಾತ್ರ ನಗಲಿಲ್ಲ. ನಾಲ್ಕು ಜನರೆದುರು ಅವನು ಅವಳ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದು ಇದೇ ಮೊದಲು; ಅದು ಅವನಿಗೂ ಆಗಲೇ ಹೊಳೆದದ್ದು, ಅವಳ ಕಣ್ಣು ತುಂಬಿದ್ದನ್ನು ನೋಡಿ. ಇಷ್ಟು ದಿನ ಆಡದೇ ಉಳಿದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಎಲ್ಲರಿಗೂ ಚಹಾ ತಾನೇ ಇಡುತ್ತೇನೆಂದು ಒಳಗೆ ಹೋದ.