ಕೊಟ್ಟಿಗೆಯ ಪೊರಕೆ

ಆ ಕಾಗದವನ್ನು ಸುಟ್ಟುಬಿಡುವುದೇ ಸರಿಯೇನೋ. ಸುಟ್ಟರೆ ಮಾದನ್‌ಗೆ ಏನು ಹೇಳುವುದು? ಜೇಬಿನ ಬೆಂಕಿಪೊಟ್ಟಣವನ್ನು ಮುಟ್ಟಿ ನೋಡಿಕೊಳ್ಳುತ್ತ ಶಿವನಂಜಪ್ಪ ಬತ್ತೇರಿ ಪೇಟೆಯ ಅಂಗಡಿಯಿಂದ ಮನೆಗೆ ಬಂದರೆ, ಅಟ್ಟಕ್ಕೆ ಆಗಲೇ ಏಣಿ ಹಾಕಿತ್ತು. ಮೇಲಿಂದ ದೂಳು ಸುರಿಯುತ್ತಿತ್ತು.

"ಬಂದ್ರಾ? ಹಿಡ್ಕಳಿ, ಕೈ ಬಿಟ್ಟೀರಿ ಮತ್ತೆ," ಎಂದು ಹೆಂಡತಿ ಪುಟ್ಟಗೌರಮ್ಮ ರಾಗಿಯ ಗುಡಾಣವನ್ನು ಇಳಿಸಿಕೊಟ್ಟಳು.

ಅವನು ಒಳಗೆ ಕೈ ಹಾಕಿ ತಡಕಿದ. ತಳದಲ್ಲಿ ತಾನು ಬಚ್ಚಿಟ್ಟಿದ್ದ ಕಾಗದ ಇರಲಿಲ್ಲ.

ಕಾಡಂಚಿನ ಹದಿನಾಲ್ಕು ಗುಡಿಸಲಿನವರು ತಾವು ಕೂತ ನೆಲ ತಮಗೇ ಆಗಬೇಕೆಂದು ಕೇಳಿದ ಅರ್ಜಿ ಅದು. ಬರೆದುಕೊಟ್ಟವನು ಶಿವನಂಜಪ್ಪ, ಒತ್ತಿದ ಹೆಬ್ಬೆಟ್ಟುಗಳ ಮಸಿ ಒರೆಸಲು ಎಣ್ಣೆಬಟ್ಟೆ ಕೊಟ್ಟವಳು ಪುಟ್ಟಗೌರಮ್ಮ. ನೆಲದ ಒಡೆಯ ಜನ್ಮಿಯ ಆಳುಗಳು ಗುಡಿಸಲು ಜಾಲಾಡುತ್ತಾರೆಂದು, ಆ ಗುಡಿಸಲಿನವರಲ್ಲೊಬ್ಬನಾದ ಮಾದನ್ ಅದನ್ನು ಇವನ ಬಳಿಯೇ ಬಿಟ್ಟುಹೋಗಿದ್ದ. ಆಮೇಲೆ ನಕ್ಸಲರನ್ನು ಹುಡುಕುತ್ತ ಪೊಲೀಸರು ಮನೆಮನೆ ಹೊಕ್ಕರು. ಹೆಬ್ಬೆಟ್ಟುಗಳ ಕಾಗದ ಸಿಕ್ಕರೆ ಹದಿನಾಲ್ಕು ಮಂದಿಯೂ ಲಾಕಪ್ಪಿಗೆ, ಬರೆದವನೂ ಜೊತೆಗೆ.

ಮುಂದಿನ ಸುಗ್ಗಿಯವರೆಗೆ ಗುಡಾಣವನ್ನು ಯಾರೂ ಮುಟ್ಟುವುದಿಲ್ಲ ಎಂದುಕೊಂಡಿದ್ದ. ಪೊರಕೆಹುಲ್ಲು ಬಲಿತು, ಕೂಲಿಯ ಕೆಂಪಿ ಕಾಡಿನಿಂದ ಹೊರೆ ತಂದುಹಾಕಿದ ದಿನವೇ ಹೆಂಡತಿ ಅಟ್ಟ ಗುಡಿಸುತ್ತಾಳೆಂಬುದು ಮದುವೆಯಾಗಿ ಹನ್ನೆರಡು ವರ್ಷವಾದರೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಇದ್ರೊಳಗೆ..."

"ಹುಳ ಬಿದ್ದ ಹೊಟ್ಟಿತ್ತು, ತೆಗ್ದೆ. ಬಿಸ್ಲಿಗೆ ಇಡಿ. ಮುಖ ಯಾಕ್ ಹಂಗಾಯ್ತು? ನಿಮ್ಮುನ್ನ ಗುಡಿಸಿ ಅಂದ್ನಾ ನಾನು?"

ಅವಳು ಇಳಿದು ಜಗಲಿಯಲ್ಲಿ ಕಾಲು ಚಾಚಿ ಪೊರಕೆ ಕಟ್ಟಲು ಕೂತಳು. ಒಳಮನೆಗೆ ಮೆತ್ತನೆಯ ಹುಲ್ಲಿನದು, ಅಂಗಳಕ್ಕೆ ತೆಂಗಿನ ಕಡ್ಡಿಯದು. ಮೂರನೆಯದು ಕೊಟ್ಟಿಗೆಯ ಹಳೆಯ ಪೊರಕೆ. ಅದರ ಹಿಡಿಗೆ ಹರಿದ ಪಂಚೆಯ ಚೂರನ್ನು ಬಿಗಿದು ಸುತ್ತುತ್ತಿದ್ದಾಗ ಬಾಗಿಲಲ್ಲಿ ಜೀಪು ನಿಂತಿತು.

ಮಲಯಾಳಿ ಪೇದೆ ಕುಂಞಿರಾಮನ್ ಅಕ್ಕಿಮೂಟೆಗೆ ಲಾಠಿ ಚುಚ್ಚಿದ, ಪೆಟ್ಟಿಗೆ ಮಗುಚಿದ, ಅಟ್ಟ ಹತ್ತಿ ಇಳಿದ. ಕೊನೆಗೆ ಜಗಲಿಗೆ ಬಂದ.

"ಅದೆಂತ ಚೇಚೀ, ಕೈಲಿ?"

"ಕೊಟ್ಟಿಗೆ ಪೊರಕೆ ಸಾರೇ. ನೋಡ್ತೀರಾ, ತಗಳಿ," ಎಂದು ಸಗಣಿ ಮೆತ್ತಿದ ತುದಿಯನ್ನೇ ಅವನತ್ತ ಚಾಚಿದಳು. "ಇನ್ನೊಬ್ಬರ ಮನೆ ಪೊರಕೆ ತಾಗಿದ್ರೆ ಮೂದೇವಿ ಬೆನ್ನತ್ತಾಳೆ ಅಂತಾರೆ. ಸಾರಮಿಲ್ಲ, ಪರ್ವಾಗಿಲ್ಲ, ಪೊಲೀಸ್ನೋರ್ಗೆ ಯಾವ ಮೂದೇವಿ!"

"ವೇಂಡ, ವೇಂಡ," ಎನ್ನುತ್ತ ಕುಂಞಿರಾಮನ್ ಎರಡು ಹೆಜ್ಜೆ ಹಿಂದೆ ಸರಿದ.

ಜೀಪಿನ ಸದ್ದು ಅಡಗಿದ ಮೇಲೆ ಅವಳು ಪೊರಕೆಯನ್ನು ಕೊಟ್ಟಿಗೆಯ ಗೂಟಕ್ಕೆ ತಗುಲಿಹಾಕಿದಳು. ಹಿಡಿ ಮುಷ್ಟಿಗೆ ಮೀರಿ ದಪ್ಪಗಿತ್ತು.

"ಅದೊಂದ್ನ ಯಾರೂ ನೀರಿಗೆ ಅದ್ದಬ್ಯಾಡಿ," ಎಂದಳು, ಅಷ್ಟೇ.

ಮಳೆಗಾಲ ಕಳೆದು ಮಾದನ್ ಬಂದ. ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಂದು ಹೇಳಿ, ಕಾಗದ ಉಳಿದಿದೆಯೋ ಎಂದು ಕೇಳಲಾರದೆ ನಿಂತ. ಪುಟ್ಟಗೌರಮ್ಮ ಪೊರಕೆ ತಂದು ಹಿಡಿಯ ಬಟ್ಟೆ ಬಿಚ್ಚಿದಳು.

"ವಸಿ ಸಗಣಿ ವಾಸ್ನೆ ಕಣಪ್ಪ. ಆದ್ರೆ ಎಲ್ಲಾರ ಬೆಟ್ಟೂ ನೆಟ್ಗದೆ."

"ನೀನೇ ಕಾಪಾಡ್ದೆ ಅಕ್ಕಾ."

"ನಂದೇನಿಲ್ಲ. ಗುಡಾಣದಲ್ಲಿ ಜೋಪಾನ ಮಾಡಿದ್ದು ಇವ್ರು. ನಾನು ಜಾಗ ಬದಲಾಯಿಸ್ದೆ, ಅಷ್ಟೇ," ಎಂದು ಗಂಡನ ಕಡೆ ನೋಡಿ ನಕ್ಕಳು.

ಮಾದನ್ ಅವನಿಗೆ ಬಾಗಿ ಕೈಮುಗಿದ.

ಆ ದಿನ ಬೆಂಕಿಪೊಟ್ಟಣ ಇಟ್ಟುಕೊಂಡೇ ಮನೆಗೆ ಬಂದಿದ್ದೆನೆಂದು ಶಿವನಂಜಪ್ಪ ಅವಳಿಗೆ ಯಾವತ್ತೂ ಹೇಳಲಿಲ್ಲ.